ಗೇ, ಸಲಿಂಗಿ, ಸಲಿಂಗಕಾಮಿ: ಯಾವ ಪದ ಸರಿ?

ಪ್ರಶ್ನೆ: ‘ಹೋಮೋಸೆಕ್ಷುಯಲ್’ ಎನ್ನಬೇಡಿ, ‘ಗೇ’ ಎನ್ನಿ ಎಂದು ಕೆಲವರು ತಿದ್ದುತ್ತಾರೆ. ಕನ್ನಡದಲ್ಲಿ ‘ಸಲಿಂಗಕಾಮಿ’ ಎಂದು ಬರೆದರೂ ಆಕ್ಷೇಪ ಬರುತ್ತದೆ. ಮೊದಲನೆಯದು ವೈಜ್ಞಾನಿಕ ಪದವಲ್ಲವೇ? ಈ ಪದಗಳು ಮತ್ತೆ ಮತ್ತೆ ಬದಲಾಗುವುದೇಕೆ?

ಉತ್ತರ: ನೇರವಾಗಿ ಹೇಳುವುದಾದರೆ, ಜನರ ಬಗ್ಗೆ ಬರೆಯುವಾಗ ‘ಗೇ’, ‘ಲೆಸ್ಬಿಯನ್’, ಕನ್ನಡದಲ್ಲಿ ‘ಸಲಿಂಗಿ’ ಅಥವಾ ‘ಸಲಿಂಗ ಪ್ರೇಮಿ’ ಎನ್ನುವುದು ಲೇಸು. ಆದರೆ ‘ಹೋಮೋಸೆಕ್ಷುಯಲ್’ ಬೈಗುಳವಾಗಿ ಹುಟ್ಟಿದ ಪದವಲ್ಲ, ವಿಜ್ಞಾನದಿಂದ ಹುಟ್ಟಿದ್ದೂ ಅಲ್ಲ. ಈ ಜನರನ್ನು ಜೈಲಿಗೆ ಹಾಕಬೇಡಿ ಎಂದು ವಾದಿಸಿದ ಒಬ್ಬ ಬರಹಗಾರ ಅದನ್ನು ಕಟ್ಟಿದ. ಮುಂದೆ ಅದು ಯಾರ ಕೈಸೇರಿತು ಎನ್ನುವುದರಲ್ಲಿಯೇ ನಿಮ್ಮ ಪ್ರಶ್ನೆಗೆ ಉತ್ತರವಿದೆ.

19ನೇ ಶತಮಾನದ ನಡುಭಾಗದವರೆಗೆ ಯುರೋಪಿನ ಕಾನೂನು ಮತ್ತು ಧರ್ಮ ಎರಡೂ ಮುಖ್ಯವಾಗಿ ಹೆಸರಿಟ್ಟದ್ದು ಕೃತ್ಯಕ್ಕೆ. ಬೈಬಲ್ಲಿನ ಸೊಡೋಮ್ ನಗರದಿಂದ ಬಂದ ‘ಸೊಡೊಮಿ’ ಪಾಪದ ಹೆಸರು. ಆ ಪಾಪವನ್ನು ಯಾರು ಬೇಕಾದರೂ ಮಾಡಬಹುದೆಂಬ ಭಾವನೆ ಇತ್ತು, ಗಂಡು ಹೆಣ್ಣಿನ ನಡುವಿನ ಕೆಲವು ಕ್ರಿಯೆಗಳೂ ಅದರಲ್ಲಿ ಸೇರಿದ್ದವು. ಇಂಗ್ಲೆಂಡಿನಲ್ಲಿ ಎಂಟನೇ ಹೆನ್ರಿಯ ಕಾಲದ 1533ರ ಕಾಯಿದೆ ‘ಬಗರಿ’ ಎಂಬ ಪದ ಬಳಸಿ ಮರಣದಂಡನೆ ವಿಧಿಸಿತು. ಆ ಪದದ ಬೇರು ‘ಬಲ್ಗೇರಿಯನ್’ ಎಂಬುದರಲ್ಲಿದೆ. ಮಧ್ಯಯುಗದಲ್ಲಿ ಚರ್ಚು ಅಲ್ಲಿನ ಒಂದು ಭಿನ್ನಮತೀಯ ಪಂಥವನ್ನು ದ್ವೇಷಿಸುತ್ತಿತ್ತು, ಆ ದ್ವೇಷ ಇಲ್ಲಿಗೂ ಅಂಟಿಕೊಂಡಿತು. ಬ್ರಿಟಿಷರು 1860ರಲ್ಲಿ ಭಾರತಕ್ಕೆ ಬರೆದ ದಂಡಸಂಹಿತೆಯ 377ನೇ ಕಲಮಿನಲ್ಲಿಯೂ ‘ಪ್ರಕೃತಿ ನಿಯಮಕ್ಕೆ ವಿರುದ್ಧವಾದ’ ಸಂಭೋಗದ ಮಾತಿತ್ತೇ ಹೊರತು ಸಲಿಂಗಿಗಳನ್ನು ಹೆಸರಿಸುವ ಪದವಿರಲಿಲ್ಲ. ‘ಹೋಮೋಸೆಕ್ಷುಯಲ್’ ಎಂಬ ಮಾತು ಮೊದಲು ಅಚ್ಚಾದದ್ದೇ ಅದಾಗಿ ಒಂಬತ್ತು ವರ್ಷಗಳ ಮೇಲೆ.

ಕೃತ್ಯವನ್ನು ಬಿಟ್ಟು ಮನುಷ್ಯನಿಗೆ ಹೆಸರಿಡಲು ಹೊರಟವರಲ್ಲಿ ಮೊದಲು ನೆನೆಯಬೇಕಾದವನು ಜರ್ಮನಿಯ ವಕೀಲ ಕಾರ್ಲ್ ಹೈನ್ರಿಕ್ ಉಲ್ರಿಕ್ಸ್. ತಾನೂ ಅಂಥವನೇ ಎಂದು ಅವನಿಗೆ ಗೊತ್ತಿತ್ತು, ಅದನ್ನು ಬಹಿರಂಗವಾಗಿ ಹೇಳುವ ಧೈರ್ಯವೂ ಇತ್ತು. 1864ರಿಂದ ಸಾಲಾಗಿ ಪ್ರಕಟಿಸಿದ ಕಿರುಹೊತ್ತಗೆಗಳಲ್ಲಿ ಅವನು ‘ಉರ್ನಿಂಗ್’ ಎಂಬ ಪದವನ್ನು ಮುಂದಿಟ್ಟ. ಪ್ಲೇಟೋನ ಸಂವಾದವೊಂದರಲ್ಲಿ ಬರುವ ದೇವತೆ ಅಫ್ರೊಡೈಟಿ ಯುರೇನಿಯಾಳ ಹೆಸರಿನಿಂದ ಕಟ್ಟಿದ ಪದ ಅದು. ನಮ್ಮದು ರೋಗವಲ್ಲ, ಅಪರಾಧವಲ್ಲ, ಹುಟ್ಟು ಸ್ವಭಾವ ಎಂಬುದು ಅವನ ವಾದ. 1867ರ ಆಗಸ್ಟ್ 29ರಂದು ಮ್ಯೂನಿಕ್‌ನ ನ್ಯಾಯವಿದರ ಸಮ್ಮೇಳನದಲ್ಲಿ ಎದ್ದು ನಿಂತು ಈ ಕಾನೂನುಗಳು ಹೋಗಬೇಕೆಂದು ಕೇಳಿದಾಗ ಸಭೆ ಕೂಗಾಡಿ ಅವನ ಮಾತನ್ನು ಅಡಗಿಸಿತು. ಆ ಕಾಲದಲ್ಲಿ ಅಂಥ ಸಭೆಯ ಎದುರು ನಿಲ್ಲುವುದೆಂದರೆ ಏನೆಂದು ಯೋಚಿಸಿದರೆ ನನಗೆ ಅವನ ಬಗ್ಗೆ ಗೌರವ ಉಕ್ಕುತ್ತದೆ.

ಅವನ ಪದ ಉಳಿಯಲಿಲ್ಲ. ಉಳಿದದ್ದು ಅವನೊಂದಿಗೆ ಪತ್ರ ವ್ಯವಹಾರವಿದ್ದ ಕಾರ್ಲ್ ಮಾರಿಯಾ ಕೆರ್ಟ್‌ಬೆನಿ ಎಂಬ ಹಂಗೇರಿಯನ್ ಮನೆತನದ ಬರಹಗಾರನ ಪದ. 1868ರ ಮೇ 6ರಂದು ಉಲ್ರಿಕ್ಸ್‌ಗೆ ಬರೆದ ಪತ್ರದಲ್ಲಿ ಕೆರ್ಟ್‌ಬೆನಿ ‘ಹೋಮೋಸೆಕ್ಷುಯಲ್’, ‘ಹೆಟೆರೊಸೆಕ್ಷುಯಲ್’ ಎರಡನ್ನೂ ಬಳಸಿದ. ಮರುವರ್ಷ, ಜರ್ಮನ್ ರಾಜ್ಯವಾದ ಪ್ರಷ್ಯಾದ ದಂಡಸಂಹಿತೆಯಲ್ಲಿ ಸಲಿಂಗ ಸಂಬಂಧವನ್ನು ಶಿಕ್ಷಿಸುತ್ತಿದ್ದ 143ನೇ ಕಲಮನ್ನು ವಿರೋಧಿಸಿ ಹೆಸರು ಹಾಕದೆ ಪ್ರಕಟಿಸಿದ ಹೊತ್ತಗೆಗಳಲ್ಲಿ ಪದ ಅಚ್ಚಿಗೆ ಬಂತು. ಯೌವನದಲ್ಲಿ ತನ್ನ ಸ್ನೇಹಿತನೊಬ್ಬ ಇದೇ ಕಾರಣಕ್ಕೆ ಬೆದರಿಸಿ ಹಣ ಕೀಳುವವರ ಕಾಟ ತಾಳದೆ ಪ್ರಾಣ ಬಿಟ್ಟನೆಂದು ಅವನೇ ಬರೆದುಕೊಂಡಿದ್ದಾನೆ. ಪಾಪ, ವಿಕೃತಿ ಎಂಬ ಸೋಂಕಿಲ್ಲದ ತಟಸ್ಥ ಪದವೊಂದು ಅವನಿಗೆ ಬೇಕಿತ್ತು. ‘ಸಮಾನ’ ಎಂಬರ್ಥದ ಗ್ರೀಕ್ ಪದಕ್ಕೆ ಲಿಂಗವನ್ನು ಸೂಚಿಸುವ ಲ್ಯಾಟಿನ್ ಪದ ಸೇರಿಸಿದ. ಇಲ್ಲಿನ ‘ಹೋಮೋ’ ಎಂದರೆ ಲ್ಯಾಟಿನ್ನಿನ ‘ಮನುಷ್ಯ’ ಎಂದು ತಿಳಿಯುವವರಿದ್ದಾರೆ, ಅದು ತಪ್ಪು. ಎರಡು ಭಾಷೆಗಳ ಈ ಬೆರಕೆಯನ್ನು ಲೈಂಗಿಕತೆಯ ಬಗ್ಗೆ ಬರೆದ ಇಂಗ್ಲೆಂಡಿನ ವೈದ್ಯ ಹ್ಯಾವ್ಲಾಕ್ ಎಲ್ಲಿಸ್ ಒರಟು ಮಿಶ್ರಪದವೆಂದು ಹಳಿದ, ಆದರೂ ಅದನ್ನು ಬಳಸದೆ ಇರಲು ಅವನಿಂದ ಆಗಲಿಲ್ಲ.

ಕೆರ್ಟ್‌ಬೆನಿಯ ವಾದ ಸೋತಿತು. ಪ್ರಷ್ಯಾದ ಆ ಕಾನೂನು 1871ರ ನಂತರ 175ನೇ ಕಲಮಾಗಿ ಇಡೀ ಜರ್ಮನಿಗೆ ಹಬ್ಬಿ, ಪೂರ್ತಿಯಾಗಿ ತೊಲಗಿದ್ದು 1994ರಲ್ಲಿ. ಅವನ ಪದವನ್ನು ಮಾತ್ರ ವೈದ್ಯರು ಎತ್ತಿಕೊಂಡರು. 1869ರಲ್ಲಿಯೇ ಬರ್ಲಿನ್ನಿನ ಮನೋವೈದ್ಯ ಕಾರ್ಲ್ ವೆಸ್ಟ್‌ಫಾಲ್ ಈ ಒಲವನ್ನು ‘ವಿಪರೀತ ಲೈಂಗಿಕ ಭಾವನೆ’ ಎಂದು ಕರೆದು ವೈದ್ಯಕೀಯದೊಳಗೆ ಎಳೆದು ತಂದಿದ್ದ. ಮನೋವೈದ್ಯ ರಿಚರ್ಡ್ ಫಾನ್ ಕ್ರಾಫ್ಟ್-ಎಬಿಂಗ್ 1886ರಲ್ಲಿ ಹೊರತಂದು ಮತ್ತೆ ಮತ್ತೆ ಹಿಗ್ಗಿಸಿದ ಗ್ರಂಥದಲ್ಲಿ ‘ಹೋಮೋಸೆಕ್ಷುಯಲ್’ ಎಂಬುದು ಲೈಂಗಿಕ ವಿಕಾರಗಳ ಪಟ್ಟಿಯೊಳಗೆ ಕುಳಿತುಬಿಟ್ಟಿತು. 1892ರಲ್ಲಿ ಅದೇ ಗ್ರಂಥದ ಅನುವಾದದ ಮೂಲಕ ಇಂಗ್ಲಿಷಿಗೂ ಹೋಯಿತು. ಪದದ ಅಕ್ಷರ ಬದಲಾಗಲಿಲ್ಲ, ಅದನ್ನು ಆಡುವ ಬಾಯಿ ಬದಲಾಯಿತು. ಬಿಡುಗಡೆಗಾಗಿ ಬರೆದ ಮಾತು ಆಸ್ಪತ್ರೆಯ ಕಡತದಲ್ಲಿ, ಪೊಲೀಸರ ದಾಖಲೆಯಲ್ಲಿ ಕಾಣಿಸಿಕೊಳ್ಳತೊಡಗಿತು. ಇಂದು ಆ ಪದ ಕೇಳಿದಾಗ ಅನೇಕರಿಗೆ ಮೈ ಮುದುಡುವುದು ಈ ನೂರು ವರ್ಷಗಳ ನೆನಪಿನಿಂದ.

ಅದರ ಜೊತೆಗೆ ಹುಟ್ಟಿದ ‘ಹೆಟೆರೊಸೆಕ್ಷುಯಲ್’ ಕೂಡ ಮೊದಮೊದಲು ರೋಗದ ಹೆಸರಾಗಿತ್ತು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟು 1923ರಲ್ಲಿ ಅದಕ್ಕೆ ಕೊಟ್ಟ ಅರ್ಥ, ವಿರುದ್ಧ ಲಿಂಗದವರ ಮೇಲಿನ ರೋಗಗ್ರಸ್ತ ಲೈಂಗಿಕ ಮೋಹ ಎಂದು. 1934ರ ಆವೃತ್ತಿಯಲ್ಲಿ ಅದು ಸಹಜ ಲೈಂಗಿಕತೆಯಾಯಿತು. ಜೋಡಿಯಲ್ಲಿ ಒಂದು ಹನ್ನೊಂದು ವರ್ಷದಲ್ಲಿ ರೋಗದಿಂದ ಪಾರಾಯಿತು. ಇನ್ನೊಂದು ಅಮೆರಿಕದ ಮನೋವೈದ್ಯ ಸಂಘದ ರೋಗಪಟ್ಟಿಯಿಂದ ಹೊರಬರಲು 1973ರವರೆಗೆ, ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಿಂದ ಹೊರಬರಲು 1990ರವರೆಗೆ ಕಾಯಬೇಕಾಯಿತು.

ಈ ನಡುವೆ ಸಲಿಂಗಿಗಳೇ ಬೇರೆ ಹೆಸರು ಹುಡುಕುತ್ತಿದ್ದರು. 1950ರ ದಶಕದಲ್ಲಿ ಅಮೆರಿಕ ಮತ್ತು ಯುರೋಪಿನ ಸಂಘಟನೆಗಳು ‘ಹೋಮೊಫೈಲ್’ ಎಂಬ ಪದಕ್ಕೆ ಒಲಿದವು. ಕಾಮವನ್ನು ಪಕ್ಕಕ್ಕಿಟ್ಟು ಪ್ರೀತಿಯನ್ನು ಮುಂದೆ ತರುವುದು ಅದರ ಉದ್ದೇಶ. ಅದು ತುಸು ಸಂಕೋಚದ, ಅನುಮತಿ ಬೇಡುವ ಪದ. 1969ರ ಜೂನ್‌ನಲ್ಲಿ ನ್ಯೂಯಾರ್ಕಿನ ಸ್ಟೋನ್‌ವಾಲ್ ಬಾರಿನ ಮೇಲೆ ಪೊಲೀಸರು ದಾಳಿ ಮಾಡಿದಾಗ ಜನ ತಿರುಗಿಬಿದ್ದರು. ಅದರ ಬೆನ್ನಿಗೇ ಹುಟ್ಟಿದ ಸಂಘಟನೆ ತನ್ನನ್ನು ಗೇ ಲಿಬರೇಶನ್ ಫ್ರಂಟ್ ಎಂದು ಕರೆದುಕೊಂಡಿತು. ‘ಗೇ’ ಎಂದರೆ ಮೂಲದಲ್ಲಿ ಉಲ್ಲಾಸ. 17ನೇ ಶತಮಾನದ ಹೊತ್ತಿಗೆ ಅದಕ್ಕೆ ಅಂಕೆಯಿಲ್ಲದ ಭೋಗದ ಅರ್ಥವೂ ಸೇರಿತ್ತು, 20ನೇ ಶತಮಾನದ ಮೊದಲರ್ಧದಲ್ಲಿ ಸಲಿಂಗಿಗಳು ತಮ್ಮೊಳಗೆ ಗುಟ್ಟಾಗಿ ಬಳಸುತ್ತಿದ್ದರು. ಗುಟ್ಟಿನ ಮಾತು ಈಗ ಬೀದಿಯ ಫಲಕಕ್ಕೆ ಬಂತು. ಪತ್ರಿಕೆಗಳು ಒಪ್ಪಲು ತಡಮಾಡಿದವು. ನ್ಯೂಯಾರ್ಕ್ ಟೈಮ್ಸ್ ತನ್ನ ಸುದ್ದಿಗಳಲ್ಲಿ ಈ ಪದಕ್ಕೆ ಮುಕ್ತ ಅವಕಾಶ ಕೊಟ್ಟದ್ದು 1987ರಲ್ಲಿ.

‘ಲೆಸ್ಬಿಯನ್’ ಬಂದದ್ದು ಸುಮಾರು 2600 ವರ್ಷಗಳ ಹಿಂದೆ ಹೆಣ್ಣಿನ ಮೇಲಿನ ಪ್ರೀತಿಯನ್ನು ಹಾಡಿದ ಕವಿ ಸ್ಯಾಫೋಳ ಊರಾದ ಗ್ರೀಸಿನ ಲೆಸ್ಬೋಸ್ ದ್ವೀಪದಿಂದ. 2008ರಲ್ಲಿ ಆ ದ್ವೀಪದ ಕೆಲವರು ಈ ಹೆಸರು ತಮ್ಮದೇ ಎಂದು ಅಥೆನ್ಸ್‌ನ ನ್ಯಾಯಾಲಯಕ್ಕೆ ಹೋಗಿ ಸೋತರು.

ಬೈಗುಳವನ್ನೇ ಕಿತ್ತುಕೊಂಡು ತನ್ನದಾಗಿಸಿಕೊಂಡದ್ದು ‘ಕ್ವಿಯರ್’. ‘ವಿಚಿತ್ರ’ ಎಂಬ ಅರ್ಥದ ಈ ಪದ 19ನೇ ಶತಮಾನದ ಕೊನೆಯಿಂದ ಸಲಿಂಗಿಗಳ ಮೇಲೆ ಎಸೆಯುವ ಕಲ್ಲಾಗಿತ್ತು. 1990ರಲ್ಲಿ ನ್ಯೂಯಾರ್ಕಿನಲ್ಲಿ ಕ್ವಿಯರ್ ನೇಷನ್ ಎಂಬ ಗುಂಪು ಅದನ್ನೇ ಹೆಸರಾಗಿ ಹೊತ್ತು ನಡೆಯಿತು. ಇಂದು ಯುವಕರಿಗೆ ಅದು ಪ್ರಿಯ. ಆ ಪದ ಕೇಳುತ್ತಾ ಪೆಟ್ಟು ತಿಂದ ಹಿರಿಯರಲ್ಲಿ ಕೆಲವರಿಗೆ ಈಗಲೂ ನೋವು. ಹೊರಗಿನವರು ಅದನ್ನು ಬಳಸುವ ಮುನ್ನ ಎದುರಿನವರು ಒಪ್ಪುತ್ತಾರೆಯೇ ಎಂದು ತಿಳಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದು ಇಂಗ್ಲಿಷಿನ ಕಥೆ ಮಾತ್ರವಲ್ಲ. ಅರಬ್ಬಿಯಲ್ಲಿ ದಾರಿ ತಪ್ಪಿದವ ಎಂಬರ್ಥದ ‘ಶಾಧ್’ ಪದದ ಬದಲು ಸಮಾನತೆಯ ಅರ್ಥ ಹೊತ್ತ ‘ಮಿಥ್ಲಿ’ ಎನ್ನಿ ಎಂದು ಸಲಿಂಗಿಗಳು ಕೇಳುತ್ತಾ ಬಂದಿದ್ದಾರೆ. ಚೀನೀ ಭಾಷೆಯಲ್ಲಿ ಕಮ್ಯುನಿಸ್ಟರು ಒಬ್ಬರನ್ನೊಬ್ಬರು ಕರೆಯುತ್ತಿದ್ದ ‘ಟೊಂಗ್‌ಝಿ’, ಅಂದರೆ ಸಂಗಾತಿ, ಹಾಂಗ್‌ಕಾಂಗ್‌ನಿಂದ ಆರಂಭಿಸಿ ಸಲಿಂಗಿಗಳ ಹೆಸರಾಯಿತು.

ಇನ್ನು ಕನ್ನಡ. ‘ಸಲಿಂಗಕಾಮ’ ಸಂಸ್ಕೃತದಂತೆ ಕಂಡರೂ ಹಳೆಯ ಶಾಸ್ತ್ರದಿಂದ ಬಂದದ್ದಲ್ಲ, ಇಂಗ್ಲಿಷ್ ಪದವನ್ನು ನೋಡಿ ಕಟ್ಟಿದ ಹೊಸ ಪದ. ಕಾಮಸೂತ್ರದಲ್ಲಿ ಬರುವ ‘ತೃತೀಯಾ ಪ್ರಕೃತಿ’ ಬೇರೆಯೇ ಕಲ್ಪನೆ, ಅದನ್ನು ಇದಕ್ಕೆ ಸಮ ಮಾಡಲಾಗದು. ‘ಸಲಿಂಗಕಾಮಿ’ಯ ತೊಡಕು ಎದ್ದು ಕಾಣುವಂಥದ್ದು. ಗಂಡನ್ನು ಮದುವೆಯಾದ ಹೆಣ್ಣನ್ನು ಯಾವ ಪತ್ರಿಕೆಯೂ ‘ಭಿನ್ನಲಿಂಗಕಾಮಿ’ ಎಂದು ಪರಿಚಯಿಸುವುದಿಲ್ಲ. ಇವರನ್ನು ಮಾತ್ರ ಹೆಸರು ಹೇಳುತ್ತಲೇ ಕಾಮಕ್ಕೆ ಇಳಿಸುತ್ತೇವೆ. ಅವರ ಪ್ರೀತಿ, ಮನೆ, ಜೊತೆಗೆ ಮುಪ್ಪಾಗುವ ಆಸೆ ಯಾವುದೂ ಆ ಪದದಲ್ಲಿ ಇಲ್ಲ. ‘ಸಲಿಂಗಿ’ ಆ ಭಾರವನ್ನು ಇಳಿಸುತ್ತದೆ. ‘ಲೈಂಗಿಕ ಅಲ್ಪಸಂಖ್ಯಾತರು’ ಎಂಬುದು ಎಲ್ಲರನ್ನೂ ಒಟ್ಟಾಗಿ ಹೇಳುವಾಗ ಒದಗುತ್ತದೆ, ಒಬ್ಬ ವ್ಯಕ್ತಿಗೆ ಹೊಂದುವುದಿಲ್ಲ. ಸಲಿಂಗಿಗಳನ್ನೂ ಟ್ರಾನ್ಸ್‌ಜೆಂಡರ್ ಜನರನ್ನೂ ಒಂದೇ ಪದದಲ್ಲಿ ಕಲಸುವುದು ಬೇರೆಯೇ ತಪ್ಪು: ಯಾರನ್ನು ಪ್ರೀತಿಸುತ್ತೇನೆ ಎಂಬುದು ಒಂದು, ನಾನು ಗಂಡೋ ಹೆಣ್ಣೋ ಎಂಬ ಅರಿವು ಇನ್ನೊಂದು.

ಹಳೆಯ ಪುಸ್ತಕ, ತೀರ್ಪು, ವೈದ್ಯಕೀಯ ಬರಹಗಳನ್ನು ಉಲ್ಲೇಖಿಸುವಾಗ ಮೂಲದ ಪದವನ್ನು ತಿದ್ದಬೇಡಿ, ಅದು ಆ ಕಾಲದ ಸಾಕ್ಷಿ. ಹಾಗೆಯೇ ಸ್ಯಾಫೋಳನ್ನೋ ಪ್ಲೇಟೋನ ಕಾಲದ ಗಂಡಸರನ್ನೋ ‘ಗೇ’ ಎಂದು ಕರೆದು ಇಂದಿನ ಗುರುತನ್ನು ಅವರಿಗೆ ತೊಡಿಸಬೇಡಿ. ಅವರು ಹೆಣ್ಣನ್ನು ಅಥವಾ ಗಂಡನ್ನು ಪ್ರೀತಿಸಿದರು ಎಂದು ಬರೆದರೆ ಸಾಕು. ಬದುಕಿರುವವರ ಬಗ್ಗೆ ಬರೆಯುವಾಗ ನಿಮ್ಮನ್ನು ಹೇಗೆ ಬರೆಯಲಿ ಎಂದು ಅವರನ್ನೇ ಕೇಳಿ. ‘ಹೋಮೋಸೆಕ್ಷುಯಲ್’ ಎಂದೇ ಬರೆಯಿರಿ ಎನ್ನುವವರೂ ಇದ್ದಾರೆ, ಆಗ ಹಾಗೆಯೇ ಬರೆಯಿರಿ.