ಎಲೆಯ ಮೇಲೆ ಸ್ವಲ್ಪ ಭಂಡಾರವಿರಲಿ

ಎಲೆ ತುಕ್ಕು ಬಿದ್ದ ಗೋಧಿ ಹೊಲದಲ್ಲಿ ಹಾದು ಬಂದರೆ ಬಟ್ಟೆಗೆಲ್ಲ ಕಿತ್ತಳೆ ಪುಡಿ ಮೆತ್ತುತ್ತದೆ. ನಮ್ಮ ಕಡೆ ಇದೇ ಭಂಡಾರ ರೋಗ. ಪುಡಿಯ ಕಣಕಣವೂ ಪಕ್ಸಿನಿಯಾ ಟ್ರಿಟಿಸಿನಾ ಎಂಬ ಶಿಲೀಂಧ್ರದ ಬೀಜಕಣ. ಬಯಲುಸೀಮೆಯ ಬೇಸಿಗೆ ಅದಕ್ಕೆ ಆಗಿಬರುವುದಿಲ್ಲ. ನೀಲಗಿರಿಯಂಥ ತಂಪು ಬೆಟ್ಟಗಳಲ್ಲಿ ಉಳಿದು, ಹಿಂಗಾರಿನಲ್ಲಿ ಗಾಳಿ ಹಿಡಿದು ಇಳಿಯುತ್ತದೆಂದು ತೋರಿಸಿದವರು ಆಗ್ರಾದ ಸಸ್ಯರೋಗ ತಜ್ಞ ಕೆ.ಸಿ. ಮೆಹ್ತಾ. 15ರಿಂದ 25 ಡಿಗ್ರಿ ತಾಪ, ರಾತ್ರಿ ಆರೆಂಟು ಗಂಟೆ ಇಬ್ಬನಿ ಸಿಕ್ಕರೆ ಎಂಟ್ಹತ್ತು ದಿನಕ್ಕೊಂದು ಹೊಸ ಪೀಳಿಗೆ ತಯಾರು.

ತುಕ್ಕು ತಡೆಯುವ ಗುಣ ಮೆಂಡೆಲ್ ನಿಯಮದಂತೆ ಮಕ್ಕಳಿಗೆ ಇಳಿಯುತ್ತದೆಂದು ಕೇಂಬ್ರಿಜ್‌ನ ಗೋಧಿ ತಳಿಗಾರ ರೋಲಂಡ್ ಬಿಫೆನ್ 1905ರಲ್ಲೇ ಹೇಳಿದ್ದರು. ಅಂದಿನಿಂದ ತಳಿಗಾರರ ಕಣ್ಣು ದೊಡ್ಡ ಜೀನ್‌ಗಳ ಮೇಲೆ. ಇಂಥ ಜೀನ್ ಶಿಲೀಂಧ್ರದ ಒಂದು ಪ್ರೋಟೀನನ್ನು ಗುರುತಿಸಿ, ಸೋಂಕು ಹೊಕ್ಕ ಕೋಶವನ್ನೇ ಸಾಯಿಸುತ್ತದೆ. ಜೀವಂತ ಕೋಶವಿಲ್ಲದೆ ತುಕ್ಕಿಗೆ ಊಟವಿಲ್ಲ, ಎಲೆ ಸ್ವಚ್ಛ. ಆದರೆ ಆ ಒಂದು ಪ್ರೋಟೀನು ಬದಲಾದರೆ ಕಾವಲು ಅಲ್ಲಿಗೆ ಮುಗಿಯಿತು. ರೈ ಧಾನ್ಯದಿಂದ ಗೋಧಿಗೆ ತಂದ ಎಲ್‌ಆರ್ 26 (ಎಲ್‌ಆರ್ ಎಂದರೆ ಲೀಫ್ ರಸ್ಟ್, ಎಲೆ ತುಕ್ಕು) ಜೀನಿಗೆ ಆದದ್ದೂ ಅದೇ.

ಎಲ್‌ಆರ್ 34 ಬೇರೆ ಜಾತಿಯದು. 2009ರಲ್ಲಿ ಅದನ್ನು ಬೇರ್ಪಡಿಸಿ ನೋಡಿದಾಗ, ಕೋಶಪೊರೆಯಾಚೆ ವಸ್ತು ಸಾಗಿಸುವ ಪ್ರೋಟೀನಿನ ಜೀನ್ ಅದೆಂದು ತಿಳಿಯಿತು. ರೋಗವನ್ನು ಅದು ಪೂರ್ತಿ ತಡೆಯುವುದಿಲ್ಲ, ನಿಧಾನಗೊಳಿಸುತ್ತದೆ: ಗುಳ್ಳೆ ಕಡಿಮೆ, ಸಣ್ಣವು, ತಡವಾಗಿ ಒಡೆಯುವಂಥವು. ಹಳದಿ ತುಕ್ಕು, ಬೂದಿ ರೋಗಗಳಿಗೂ ಸ್ವಲ್ಪ ಅಡ್ಡಿ. ಇಂದಿಗೂ ಕೆಟ್ಟಿಲ್ಲ. ರೋಗದ ಒತ್ತಡ ಜೋರಿದ್ದಲ್ಲಿ ಅದೊಂದೇ ಸಾಲದು. ಇಂಥ ನಾಲ್ಕೈದು ಸಣ್ಣ ಜೀನ್ ಒಂದೇ ಗಿಡದಲ್ಲಿ ಸೇರಿದರೆ ಎಲೆ ಹೆಚ್ಚುಕಡಿಮೆ ನಿರ್ಮಲ.

ತಳಿಗಾರರು ಎಡವುವುದು ಗಿಡಗಳ ಆಯ್ಕೆಯಲ್ಲಿ. ಹಸಿರುಮನೆಯಲ್ಲಿ ವಾರದ ಸಸಿಗೆ ಬೀಜಕಣ ಸಿಂಪಡಿಸಿ, ರಾತ್ರಿಯಿಡೀ ತೇವದಲ್ಲಿಟ್ಟು, ಎರಡು ವಾರಕ್ಕೆ ಸೊನ್ನೆಯಿಂದ ನಾಲ್ಕರ ಅಳತೆಯಲ್ಲಿ (ಹೆಚ್ಚಿದಷ್ಟೂ ರೋಗ ಜೋರು) ಅಂಕ ಕೊಡುವುದು ವಾಡಿಕೆ. ಎಲ್‌ಆರ್ 34 ಇರುವ ಸಸಿ ಅಲ್ಲಿ ಸಾಮಾನ್ಯವಾಗಿ ನಪಾಸು, ಏಕೆಂದರೆ ಅದರ ಬಲ ಕಾಣುವುದು ಬೆಳೆದ ಗಿಡದ ಧ್ವಜ ಎಲೆಯಲ್ಲಿ, ಅಂದರೆ ತೆನೆಯ ಕೆಳಗಿನ ಕೊನೆಯ ಎಲೆಯಲ್ಲಿ. ಹೊಲದಲ್ಲೂ ತೀರಾ ಸ್ವಚ್ಛವಾದ ಗಿಡಕ್ಕೇ ಕೈ ಹಾಕಿದರೆ ಬಹುಶಃ ಸಿಗುವುದು ದೊಡ್ಡ ಜೀನ್. ಅದರ ಮರೆಯಲ್ಲಿ ಸಣ್ಣವು ಇವೆಯೋ ಇಲ್ಲವೋ ತಿಳಿಯದು. ಹಾಗಾಗಿ ಆರಂಭದ ಪೀಳಿಗೆಗಳಲ್ಲಿ ಶೇ. 20–30 ತುಕ್ಕಿದ್ದು, ಗುಳ್ಳೆ ರೋಗಗ್ರಾಹಿ ಬಗೆಯದೇ (ಸುತ್ತ ಸತ್ತ ಕೋಶಗಳಿಲ್ಲದ್ದು) ಆದ ಗಿಡಗಳನ್ನು ಇಟ್ಟುಕೊಳ್ಳಬೇಕು. ಹೊಸಬರಿಗೆ ಇದು ಒಪ್ಪಿಗೆಯಾಗುವುದು ಕಷ್ಟ.

ಹೊಲದಲ್ಲಿ ರೋಗ ಓದುವ ಕ್ರಮ ಕಾಬ್ ಮಾಪಕದ್ದು. ಎಲೆಯ ಶೇ. 20 ಭಾಗಕ್ಕೆ ತುಕ್ಕು, ಗುಳ್ಳೆ ಮಧ್ಯಮ ರೋಗಗ್ರಾಹಿ ಎಂದಾದರೆ 20ನ್ನು ಆ ಬಗೆಗೆ ನಿಗದಿಯಾದ 0.8ರಿಂದ ಗುಣಿಸಿ 16 ಎಂದು ಬರೆಯುತ್ತಾರೆ. ಒಂದೇ ಓದು ಮೋಸ ಮಾಡುತ್ತದೆ. ವಾರ ಹತ್ತು ದಿನಕ್ಕೊಮ್ಮೆ ನೋಡಿ ರೋಗ ಏರುವ ವೇಗ ಹಿಡಿಯಬೇಕು. ಸುತ್ತ ಆಗ್ರಾ ಲೋಕಲ್‌ನಂಥ ರೋಗಗ್ರಾಹಿ ತಳಿಯ ಸಾಲು ಹಾಕದಿದ್ದರೆ ರೋಗ ತಡವಾಗಿ ಬರುತ್ತದೆ, ಬಚಾವಾದ ಗಿಡವೇ ನಿರೋಧಕ ಎನಿಸಿಕೊಳ್ಳುತ್ತದೆ.

ಎಲ್‌ಆರ್ 34 ಇದ್ದರೆ ಧ್ವಜ ಎಲೆಯ ತುದಿ ಒಣಗುವುದುಂಟು. ನೀರಿನ ಕೊರತೆಯಲ್ಲೂ ತುದಿ ಒಣಗುವುದರಿಂದ ಖಚಿತಕ್ಕೆ ಡಿಎನ್‌ಎ ಗುರುತು ಬೇಕು: ಜೀನ್ ಇದ್ದರೆ 150 ಬೇಸ್ ಜೋಡಿಯ ತುಣುಕು, ಇಲ್ಲದಿದ್ದರೆ 229. ಹೆಸರೇ ಇಡದ ಸಣ್ಣ ಜೀನ್‌ಗಳಿಗೆ ಇಂಥ ಗುರುತಿಲ್ಲ. ಅವಕ್ಕೆ ಈಗಲೂ ಸಾಲಿನಲ್ಲಿ ಬಗ್ಗಿ ಎಲೆ ಓದುವುದೇ ದಾರಿ.