ಸೈಕಲ್ಲಿಗೆ ಎಂಜಿನ್: ಸಿಸಿ ಕೇಳುವ ಮೊದಲು ಏರು ಅಳೆಯಿರಿ

ಸೈಕಲ್ಲಿಗೆ ಎಂಜಿನ್ ಕೂರಿಸಬೇಕೆಂದು ಹೊರಟವರು ಮೊದಲು ಕೇಳುವ ಪ್ರಶ್ನೆ ‘ಎಷ್ಟು ಸಿಸಿ?’ ಎಂದು. ಮಂಡ್ಯದ ಕಡೆಯ ಸಮತಟ್ಟಾದ ರಸ್ತೆಗೆ ಅಷ್ಟು ಕೇಳಿದರೆ ಸಾಕು. ಕೊಡಗಿನಲ್ಲಿ ಮನೆಯ ಗೇಟಿನಿಂದ ಬಸ್ಸಿನ ರಸ್ತೆಗೆ ಬರುವಷ್ಟರಲ್ಲೇ ಎರಡು ಏರು ಸಿಗುತ್ತವೆ. ಅದೇ ಎಂಜಿನ್ನು, ಅದೇ ಸೈಕಲ್ಲು. ಎಂಜಿನ್ನಿಗೂ ಚಕ್ರಕ್ಕೂ ನಡುವಿನ ಹಲ್ಲುಚಕ್ರಗಳ ಹಲ್ಲುಗಳ ಲೆಕ್ಕ ಸರಿಯಾಗಿದ್ದರೆ ಆರಾಮಾಗಿ ಹತ್ತುತ್ತದೆ, ತಪ್ಪಿದರೆ ಅರ್ಧ ಏರಿನಲ್ಲಿ ಕ್ಲಚ್ ಸುಟ್ಟುಕೊಂಡು ನಿಲ್ಲುತ್ತದೆ.

ಹಾಗಾಗಿ ಕೆಲಸ ಶುರುವಾಗಬೇಕಾದದ್ದು ರಸ್ತೆಯಲ್ಲಿ. ಒಂದು ಮೀಟರ್ ಉದ್ದದ ನೇರವಾದ ಮರದ ಪಟ್ಟಿ, ಗಾರೆ ಕೆಲಸದವರ ರಸಮಟ್ಟ, ಒಂದು ಸ್ಕೇಲು ತೆಗೆದುಕೊಂಡು ನಿಮ್ಮ ದಾರಿಯ ಅತಿ ಕಡಿದಾದ ಜಾಗಕ್ಕೆ ಹೋಗಿ. ಪಟ್ಟಿಯ ಒಂದು ತುದಿಯನ್ನು ಏರಿನ ಮೇಲ್ಬದಿಗೆ ಊರಿ, ರಸಮಟ್ಟದ ಗುಳ್ಳೆ ನಡುವಿಗೆ ಬರುವ ತನಕ ಇನ್ನೊಂದು ತುದಿಯನ್ನು ಎತ್ತಿ ಹಿಡಿಯಿರಿ. ಎತ್ತಿದ ತುದಿಯಿಂದ ರಸ್ತೆಗೆ 8 ಸೆಂ.ಮೀ. ಇದ್ದರೆ ಅದು ಶೇ. 8ರ ಏರು. ನಾಲ್ಕೈದು ಕಡೆ ಅಳೆದು ದೊಡ್ಡ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಕಾಫಿ ಚೀಲ ತೂಗುವ ತಕ್ಕಡಿಯಲ್ಲಿ ಸೈಕಲ್ಲು, ಸವಾರ, ಹೊರೆ ಎಲ್ಲವನ್ನೂ ತೂಗಿ. 65 ಕಿಲೋ ಸವಾರ, 20 ಕಿಲೋ ಸೈಕಲ್, ಎಂಜಿನ್ನು ಮತ್ತು ಅದರ ಜೋಡಣೆ 8 ಕಿಲೋ, ಕೈಚೀಲ 7 ಕಿಲೋ ಎಂದರೆ ಒಟ್ಟು 100.

ಇನ್ನು ಲೆಕ್ಕ ಸುಲಭ. 100 ಕಿಲೋ ಹೊರೆಯನ್ನು ಶೇ. 8ರ ಏರಿನಲ್ಲಿ ಮೇಲೆಳೆಯಲು 8 ಕಿಲೋದಷ್ಟು ಎಳೆತ ಬೇಕು. ಟೈರು ಉರುಳುವ ತಡೆಗೆ ಸುಮಾರು 1 ಕಿಲೋ, ಗಂಟೆಗೆ 15 ಕಿ.ಮೀ. ವೇಗದಲ್ಲಿ ಎದುರು ಗಾಳಿಗೆ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು. ಒಟ್ಟು 9.6 ಕಿಲೋ, ಶಕ್ತಿಯ ಲೆಕ್ಕದಲ್ಲಿ ಚಕ್ರದ ಹತ್ತಿರ 390 ವ್ಯಾಟ್. ಸಮ ರಸ್ತೆಯಲ್ಲಿ 25 ಕಿ.ಮೀ. ವೇಗಕ್ಕೆ 190 ವ್ಯಾಟ್ ಸಾಕು. ಅಂದರೆ ಏರಿನಲ್ಲಿ ನಿಧಾನವಾಗಿ ಹೋದರೂ ಬೇಕಾಗುವ ಶಕ್ತಿ ಎರಡು ಪಟ್ಟು. ಇದರ ಜೊತೆಗೆ ಎತ್ತರವೂ ಸೇರುತ್ತದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಮೇಲಿದೆ. ಅಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಶೇ. 10ರಷ್ಟು ತೆಳು. ಪ್ರತಿ ಉಸಿರಿಗೆ ಎಂಜಿನ್ನಿಗೆ ಸಿಗುವ ಆಮ್ಲಜನಕ ಅಷ್ಟು ಕಡಿಮೆ, ಬಲವೂ ಅಷ್ಟೇ ಕಡಿಮೆ.

ಎಂಜಿನ್ ಎಲ್ಲಿಂದ ತರುವುದು? ಕಾಫಿ ತೋಟದಲ್ಲಿ ಕಳೆ ಹೊಡೆಯುವ ಮಿಷನ್ನಿನ ಎಂಜಿನ್ನೇ ಇದಕ್ಕೆ ಒಳ್ಳೆಯದು. ಬಿಡಿಭಾಗ ಊರಲ್ಲೇ ಸಿಗುತ್ತದೆ, ರಿಪೇರಿ ಮಾಡುವವರು ಪ್ರತಿ ಪೇಟೆಯಲ್ಲೂ ಇದ್ದಾರೆ, ಓರೆಯಾದರೂ ನಿಲ್ಲದ ಕಾರ್ಬುರೇಟರ್ ಇರುತ್ತದೆ. ಹೋಂಡಾದ ಫೋರ್ ಸ್ಟ್ರೋಕ್ ಜಿಎಕ್ಸ್25 ನಿಮಿಷಕ್ಕೆ 7000 ಸುತ್ತಿನಲ್ಲಿ 0.72 ಕಿಲೋವ್ಯಾಟ್ ಕೊಡುತ್ತದೆ, 35.8 ಸಿಸಿಯ ಜಿಎಕ್ಸ್35 ಅದೇ ಸುತ್ತಿನಲ್ಲಿ 1 ಕಿಲೋವ್ಯಾಟ್. ದೊಡ್ಡದೇ ಇರಲಿ ಎನ್ನಿಸುವುದು ಸಹಜ, ಆದರೆ ಕಾನೂನು ಇಲ್ಲೊಂದು ಗೆರೆ ಎಳೆದಿದೆ. 1988ರ ಮೋಟಾರು ವಾಹನ ಕಾಯ್ದೆಯ 2(28)ನೇ ಕಲಮಿನಂತೆ, ನಾಲ್ಕಕ್ಕಿಂತ ಕಡಿಮೆ ಚಕ್ರವಿದ್ದು 25 ಸಿಸಿ ಮೀರದ ಎಂಜಿನ್ನಿನ ಗಾಡಿ ‘ಮೋಟಾರು ವಾಹನ’ ಅಲ್ಲ. 35 ಸಿಸಿ ಕೂರಿಸಿದ ಕ್ಷಣ ಅದು ಮೋಟಾರು ವಾಹನವಾಗುತ್ತದೆ. ರಿಜಿಸ್ಟ್ರೇಷನ್, ಇನ್ಶೂರೆನ್ಸ್, ಲೈಸೆನ್ಸ್ ಎಲ್ಲ ಬೇಕು, ಮನೆಯಲ್ಲಿ ಜೋಡಿಸಿದ ಗಾಡಿಗೆ ರಿಜಿಸ್ಟ್ರೇಷನ್ ಸಿಗುವುದು ತೀರಾ ಕಷ್ಟ. ಆದ್ದರಿಂದ 35 ಸಿಸಿ ಸ್ವಂತ ತೋಟದ ಒಳದಾರಿಗೆ, 25 ಸಿಸಿ ರಸ್ತೆಗೆ. ಕೊಳ್ಳುವಾಗ ಫಲಕ ಓದಿ: ಅಂಗಡಿಯಲ್ಲಿ ‘25’ ಎಂದೇ ಕರೆಯುವ ಕೆಲವು ಟೂ ಸ್ಟ್ರೋಕ್ ಎಂಜಿನ್ನುಗಳ ನಿಜವಾದ ಅಳತೆ 25.4 ಅಥವಾ 25.6 ಸಿಸಿ.

25 ಸಿಸಿಗೆ ಶೇ. 8ರ ಏರು ಹತ್ತುವ ತಾಕತ್ತಿದೆಯೇ? ಇದೆ, ಹಲ್ಲುಗಳ ಲೆಕ್ಕ ಸರಿಯಾಗಿದ್ದರೆ.

ಜಿಎಕ್ಸ್25ರ ತಿರುಚುಬಲ (ಟಾರ್ಕ್) ಹೆಚ್ಚೆಂದರೆ 1 ನ್ಯೂಟನ್ ಮೀಟರ್, ಅದೂ 5000 ಸುತ್ತಿನಲ್ಲಿ. ಎತ್ತರಕ್ಕೆ ಶೇ. 10, ಗೇರು ಮತ್ತು ಚೈನುಗಳ ತಿಕ್ಕಾಟಕ್ಕೆ ಶೇ. 15 ಕಳೆದರೆ ಉಳಿಯುವುದು 0.76. ಎಂಜಿನ್ 20 ಸುತ್ತು ತಿರುಗಿದರೆ ಚಕ್ರ 1 ಸುತ್ತು, ಅಂದರೆ 20:1ರ ಜೋಡಣೆ ಎಂದುಕೊಳ್ಳಿ. 26 ಇಂಚಿನ ಚಕ್ರದಲ್ಲಿ ಸಿಗುವ ಎಳೆತ 4.7 ಕಿಲೋ ಮಾತ್ರ. ಶೇ. 3ರ ಏರಿಗೇ ಎಂಜಿನ್ ಕೈಚೆಲ್ಲುತ್ತದೆ. ಅದೇ ಎಂಜಿನ್ನಿಗೆ 47:1 ಕೊಡಿ, ಎಳೆತ 11 ಕಿಲೋ. ಬೇಕಾಗಿದ್ದದ್ದು 9.6.

ಇದಕ್ಕಿಂತ ಮುಖ್ಯವಾದ ಸಂಗತಿ ಕ್ಲಚ್ಚಿನದು. ಈ ಎಂಜಿನ್ನುಗಳಲ್ಲಿರುವುದು ತಾನಾಗಿ ಹಿಡಿಯುವ ಕ್ಲಚ್. ಸುತ್ತು ಏರಿದಂತೆ ಒಳಗಿನ ಎರಡು ಪ್ಯಾಡುಗಳು ಸ್ಪ್ರಿಂಗನ್ನು ಮೀರಿ ಹೊರಗೆ ಚಾಚಿ ಡ್ರಮ್ಮಿಗೆ ಒತ್ತುತ್ತವೆ. ಸುಮಾರು 4000 ಸುತ್ತಿಗಿಂತ ಕೆಳಗೆ ಹಿಡಿತವಿಲ್ಲ. 20:1ರಲ್ಲಿ ಆ 4000 ಸುತ್ತು ಬರುವುದು ಸೈಕಲ್ಲಿನ ವೇಗ ಗಂಟೆಗೆ 25 ಕಿ.ಮೀ. ಆದಾಗ. ಏರಿನಲ್ಲಿ 15ಕ್ಕೆ ಇಳಿದರೆ ಎಂಜಿನ್ ಅರಚುತ್ತಿರುತ್ತದೆ, ಪ್ಯಾಡು ಡ್ರಮ್ಮಿನೊಳಗೆ ಜಾರುತ್ತಲೇ ಇರುತ್ತದೆ, ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತದೆ. ಡ್ರಮ್ ಬಿಚ್ಚಿ ನೋಡಿ: ಒಳಮೈ ನೀಲಿಗಟ್ಟಿದ್ದರೆ ಉಕ್ಕು 300 ಡಿಗ್ರಿಯ ಆಸುಪಾಸಿಗೆ ಹೋಗಿ ಬಂದಿದೆ. ಪ್ಯಾಡಿನ ಮೈ ಗಾಜಿನಂತೆ ನುಣುಪಾಗಿ ಹೊಳೆಯುತ್ತದೆ, ಹೊಸ ಪ್ಯಾಡು ಹಾಕುವ ತನಕ ಅದು ಸರಿಯಾಗಿ ಹಿಡಿಯುವುದಿಲ್ಲ. 47:1ರಲ್ಲಿ ಕ್ಲಚ್ 10–11 ಕಿ.ಮೀ. ವೇಗಕ್ಕೇ ಹಿಡಿದುಕೊಳ್ಳುತ್ತದೆ. ಶುರುವಿಗೆ ಪೆಡಲ್ ತುಳಿದು ಆ ವೇಗ ಮುಟ್ಟಿಸಿದರೆ ಪ್ಯಾಡು ಜಾರುವ ಹೊತ್ತು ಕೆಲವೇ ಸೆಕೆಂಡು.

ಆದರೆ 47:1 ಒಂದನ್ನೇ ಇಟ್ಟುಕೊಂಡರೆ ಸಮ ರಸ್ತೆಯಲ್ಲಿ 15 ಕಿ.ಮೀ.ಗೇ ಎಂಜಿನ್ ಅರಚುತ್ತದೆ. ಅದಕ್ಕೆ ಉತ್ತಮ ದಾರಿ, ಎಂಜಿನ್ನಿನ ಬಲವನ್ನು ನೇರ ಹಿಂಚಕ್ರಕ್ಕೆ ಕೊಡದೆ ಪೆಡಲಿನ ಅಚ್ಚಿಗೆ ಕೊಟ್ಟು, ಸೈಕಲ್ಲಿನದೇ ಗೇರುಗಳ ಮೂಲಕ ಕಳಿಸುವುದು. ಕ್ಲಚ್ಚಿಗೆ 5:1ರ ಸಣ್ಣ ಗೇರ್‌ಬಾಕ್ಸ್ ಜೋಡಿಸಿ. ಅಲ್ಲಿಂದ 11 ಹಲ್ಲಿನಿಂದ 44 ಹಲ್ಲಿಗೆ ಒಂದು ಚೈನು, ನಡುವಿನ ಶಾಫ್ಟಿಗೆ. ಶಾಫ್ಟಿನ ಇನ್ನೊಂದು ತುದಿಯ 14 ಹಲ್ಲಿನಿಂದ ಪೆಡಲ್ ಅಚ್ಚಿನ 42 ಹಲ್ಲಿಗೆ ಮತ್ತೊಂದು. ಐದು, ನಾಲ್ಕು, ಮೂರು ಗುಣಿಸಿದರೆ 60. ಪೆಡಲಿನಿಂದ ಚಕ್ರಕ್ಕೆ ಮುಂದೆ 36 ಹಲ್ಲು, ಹಿಂದೆ 14ರಿಂದ 28 ಹಲ್ಲಿನ ಗೇರು ಗೊಂಚಲು ಇದ್ದರೆ ಕೆಳಗೇರಿನಲ್ಲಿ 47:1, ಮೇಲ್ಗೇರಿನಲ್ಲಿ 23:1 ಸಿಗುತ್ತದೆ. ಒಂದೇ ಎಂಜಿನ್ ಏರಿನಲ್ಲಿ 13 ಕಿ.ಮೀ. ವೇಗಕ್ಕೂ ಸಮ ರಸ್ತೆಯಲ್ಲಿ 30 ಕಿ.ಮೀ. ವೇಗಕ್ಕೂ ಹಿಡಿಸುತ್ತದೆ. ಶೇ. 12ರ ಏರು ಬಂದರೆ 13.4 ಕಿಲೋ ಎಳೆತ ಬೇಕು. ಎಂಜಿನ್ನಿನದು 11. ಸವಾರ ಪೆಡಲ್ ತುಳಿದು 100 ವ್ಯಾಟ್ ಕೊಟ್ಟರೆ 12 ಕಿ.ಮೀ. ವೇಗದಲ್ಲಿ ಇನ್ನೊಂದು 3 ಕಿಲೋ ಸೇರುತ್ತದೆ. ಅಲ್ಲಿಗೆ ಸರಿಹೋಯಿತು.

ಈ ಜೋಡಣೆಯಲ್ಲಿ ಪೆಡಲ್ ಕ್ರ್ಯಾಂಕಿನಲ್ಲೇ ಫ್ರೀವೀಲ್ (ಒಂದೇ ದಿಕ್ಕಿಗೆ ಹಿಡಿದು ಇನ್ನೊಂದು ದಿಕ್ಕಿಗೆ ಸುಮ್ಮನೆ ತಿರುಗುವ ಚಕ್ರ) ಇರಬೇಕು. ಇಲ್ಲದಿದ್ದರೆ ಎಂಜಿನ್ ಓಡಿದಂತೆಲ್ಲ ಪೆಡಲೂ ನಿಮಿಷಕ್ಕೆ 80–90 ಸುತ್ತು ತಿರುಗಿ ಮೊಣಕಾಲಿನ ಕೆಳಗೆ ಬಡಿಯುತ್ತದೆ. ನಡುವಿನ ಶಾಫ್ಟಿಗೆ ಎರಡು ಸೀಲ್ ಬೇರಿಂಗ್ ಹಾಕಿ, ಹಲ್ಲುಚಕ್ರಗಳು ಒಂದೇ ಸಾಲಿನಲ್ಲಿವೆಯೇ ಎಂದು ದಾರ ಎಳೆದು ನೋಡಿ. 2 ಮಿ.ಮೀ. ಓರೆಯಾದರೂ ಚೈನು ಹಲ್ಲಿನ ಪಕ್ಕವನ್ನು ತಿಂದು ಕೊನೆಗೆ ಹಾರುತ್ತದೆ. ಚೈನಿನ ನಡುವೆ ಬೆರಳಿನಿಂದ ಒತ್ತಿದರೆ ಸುಮಾರು 12 ಮಿ.ಮೀ. ಆಡಬೇಕು.

ಪೆಟ್ಟಿಗೆಯಲ್ಲಿ ಸಿದ್ಧವಾಗಿ ಬರುವ ಟೂ ಸ್ಟ್ರೋಕ್ ಕಿಟ್ಟು ಬೇಡವೇ? ‘80 ಸಿಸಿ’ ಎಂದು ಮಾರುವುದರ ಬೋರು (ಸಿಲಿಂಡರಿನ ಒಳವ್ಯಾಸ) 47 ಮಿ.ಮೀ., ಸ್ಟ್ರೋಕು (ಪಿಸ್ಟನ್ ಓಡುವ ದೂರ) 38 ಮಿ.ಮೀ.; ಗಾತ್ರ ಲೆಕ್ಕ ಹಾಕಿದರೆ 66 ಸಿಸಿ. ಕಾನೂನಿನ ಗೆರೆ ದಾಟಿತು. ಜೋಡಣೆ 18:1 ಒಂದೇ. 15 ಕಿ.ಮೀ. ವೇಗದ ಏರಿನಲ್ಲಿ ಎಂಜಿನ್ 2200 ಸುತ್ತಿಗೆ ಕುಸಿದು ಗುದ್ದಾಡುತ್ತದೆ. ಆ ಗುದ್ದು ಹೋಗಿ ಬೀಳುವುದು ಸ್ಪೋಕ್ಸ್ ಕಡ್ಡಿಗಳ ಮೇಲೆ, ಏಕೆಂದರೆ ಈ ಕಿಟ್ಟಿನ 44 ಹಲ್ಲಿನ ಚಕ್ರವನ್ನು ರಬ್ಬರ್ ಬಿಲ್ಲೆಗಳ ನಡುವೆ ಕಡ್ಡಿಗಳಿಗೇ ಬಿಗಿದಿರುತ್ತಾರೆ. ಇಳಿಜಾರಿನ ಅಪಾಯ ಇನ್ನೂ ದೊಡ್ಡದು. ಟೂ ಸ್ಟ್ರೋಕಿನಲ್ಲಿ ಆಯಿಲ್ ಬರುವುದೇ ಪೆಟ್ರೋಲಿನ ಜೊತೆಗೆ. ಎಂಜಿನ್ ಚಕ್ರಕ್ಕೆ ಸೇರಿಕೊಂಡಿರುವಾಗಲೇ ಆಕ್ಸಿಲರೇಟರ್ ಮುಚ್ಚಿ ಘಾಟಿ ಇಳಿದರೆ ಎಂಜಿನ್ ಜೋರಾಗಿ ಸುತ್ತುತ್ತದೆ, ಆಯಿಲ್ ಬರುವುದಿಲ್ಲ, ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಹಿಂಚಕ್ರ ತಿರುವಿನಲ್ಲಿ ಬಿಗಿದು ನಿಂತರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ.

ಟೈರಿನ ಮೇಲೆ ರೋಲರ್ ಒತ್ತಿ ಓಡಿಸುವ ವಿಧಾನ ಬಲು ಸರಳ, ಬೇಸಿಗೆಯಲ್ಲಿ ಚೆನ್ನಾಗಿಯೇ ಓಡುತ್ತದೆ. ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಬೀಳುವ ಮಡಿಕೇರಿಯಲ್ಲಿ ಒದ್ದೆ ಟೈರಿನ ಮೇಲೆ ರೋಲರ್ ಜಾರುವುದೇ ಹೆಚ್ಚು.

ಬ್ಯಾಟರಿಯ ಗಾಡಿ ಶಾಂತ, ಅದಕ್ಕೂ ಕಾನೂನಿನ ರಿಯಾಯಿತಿ ಇದೆ: ಮೋಟಾರು 250 ವ್ಯಾಟ್‌ಗಿಂತ, ವೇಗ 25 ಕಿ.ಮೀ.ಗಿಂತ ಕಡಿಮೆ ಇರಬೇಕು. ಇಲ್ಲಿಗೆ ಚಕ್ರದ ನಡುವೆ ಕೂರುವ ಹಬ್ ಮೋಟಾರು ಬೇಡ. ಏರಿನಲ್ಲಿ ನಿಧಾನಕ್ಕೆ ತಿರುಗುತ್ತ ಕರೆಂಟೆಲ್ಲ ಬಿಸಿಯಾಗಿ ಸುರುಳಿಯನ್ನು ಸುಡುತ್ತದೆ. ಪೆಡಲ್ ಅಚ್ಚಿನಲ್ಲಿ ಕೂರುವ ಮೋಟಾರು ಸೈಕಲ್ಲಿನ ಗೇರನ್ನೇ ಬಳಸುವುದರಿಂದ ಹತ್ತುತ್ತದೆ. ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿ.ಮೀ., 300 ಮೀಟರ್ ಏರು. ಇದಕ್ಕೆ ಬೇಕಾಗುವುದು ಸುಮಾರು 360 ವ್ಯಾಟ್‌ಗಂಟೆ. 36 ವೋಲ್ಟ್, 10 ಆಂಪಿಯರ್‌ಗಂಟೆಯ ಬ್ಯಾಟರಿಯಲ್ಲಿ ಇರುವುದೂ ಅಷ್ಟೇ. ಪೆಡಲ್ ತುಳಿಯದೆ ಹೋದರೆ ಊರು ಮುಟ್ಟುವ ಹೊತ್ತಿಗೆ ಖಾಲಿ. ಅದೇ ದಾರಿಗೆ ಸಣ್ಣ ಎಂಜಿನ್ ಕಾಲು ಲೀಟರ್ ಪೆಟ್ರೋಲ್ ಕುಡಿದೀತು.

ಪೆಟ್ರೋಲಿನ ವಿಷಯದಲ್ಲಿ ಮಳೆಗಾಲದ ಎಚ್ಚರ ಬೇರೆ. ಈಗ ಬಂಕಿನಲ್ಲಿ ಸಿಗುವುದರಲ್ಲಿ ಶೇ. 20ರ ವರೆಗೆ ಎಥನಾಲ್ ಇರುತ್ತದೆ, ಎಥನಾಲ್ ಗಾಳಿಯ ತೇವ ಹೀರುತ್ತದೆ. ಕಕ್ಕಡ ತಿಂಗಳಲ್ಲಿ (ಜುಲೈ–ಆಗಸ್ಟಿನ ಜಡಿಮಳೆಯ ಕಾಲ) ಎರಡು ವಾರ ಗಾಡಿ ನಿಲ್ಲಿಸುವುದಾದರೆ ಟ್ಯಾಂಕು ಖಾಲಿ ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದೂ ಮುಗಿದು ಎಂಜಿನ್ ತಾನೇ ನಿಲ್ಲುವ ತನಕ ಓಡಿಸಿ. ಇಲ್ಲದಿದ್ದರೆ ಒಳಗಿನ ತೆಳು ರಬ್ಬರ್ ಪೊರೆ ಗಟ್ಟಿಯಾಗಿ ಪೆಟ್ರೋಲ್ ಎಳೆಯುವುದೇ ನಿಲ್ಲುತ್ತದೆ. ಪ್ಲಗ್ ಬಿಚ್ಚಿದಾಗ ತುದಿ ಹಾಲು ಹಾಕಿದ ಕಾಫಿಯ ಬಣ್ಣದಲ್ಲಿದ್ದರೆ ಮಿಶ್ರಣ ಸರಿ ಇದೆ. ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಿದ್ದರೆ ಕಡಿಮೆ.

ಹತ್ತುವುದರ ಲೆಕ್ಕ ಮುಗಿದ ಮೇಲೆ ಇಳಿಯುವುದರದ್ದೂ ಆಗಬೇಕು. ತಾನಾಗಿ ಹಿಡಿಯುವ ಕ್ಲಚ್ಚೂ ಫ್ರೀವೀಲೂ ಇರುವ ಗಾಡಿಯಲ್ಲಿ ಎಂಜಿನ್ ಬ್ರೇಕಿಂಗ್ ಇಲ್ಲ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ವೇಗ ತಗ್ಗಿಸುವುದಿಲ್ಲ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವುದೆಂದರೆ ಸುಮಾರು 1000 ಮೀಟರ್. 100 ಕಿಲೋ ಗಾಡಿಯ ಆ ಇಳಿತದ ಶಕ್ತಿ ಸುಮಾರು 10 ಲಕ್ಷ ಜೂಲ್, 3 ಲೀಟರ್ ತಣ್ಣೀರನ್ನು ಕುದಿಯುವ ಬಿಸಿಗೆ ತರುವಷ್ಟು. ಗಾಳಿಯ ತಡೆಗೆ ಒಂದು ಪಾಲು ಹೋದರೂ ಉಳಿದದ್ದೆಲ್ಲ ಬ್ರೇಕಿಗೇ ಬರುತ್ತದೆ. ಹಳೆಯ ಸೈಕಲ್ಲಿನ ಸರಳಿನ ಬ್ರೇಕು ಮಳೆಯಲ್ಲಿ ಒದ್ದೆ ರಿಮ್ಮನ್ನು ಹಿಡಿಯುವುದೇ ಇಲ್ಲ. ಮುಂದೆ 180 ಮಿ.ಮೀ., ಹಿಂದೆ 160 ಮಿ.ಮೀ. ಡಿಸ್ಕ್ ಇರುವ ಸೈಕಲ್ಲನ್ನೇ ಎಂಜಿನ್ನಿಗೆ ಆರಿಸಿ. ಇಳಿಯುವಾಗ ಒಂದೇ ಬ್ರೇಕನ್ನು ಉದ್ದಕ್ಕೂ ಸವರದೆ ತಿರುವಿನ ಮೊದಲು ಎರಡನ್ನೂ ಗಟ್ಟಿಯಾಗಿ ಹಿಡಿದು ಬಿಡಿ. ನಡುವೆ ಡಿಸ್ಕಿಗೆ ಆರಲು ಹೊತ್ತು ಸಿಗುತ್ತದೆ.

ಎಂಜಿನ್ ಕೂರುವ ಜಾಗ ತಗ್ಗಿನಲ್ಲಿರಲಿ. ಕ್ಯಾರಿಯರ್ ಮೇಲೆ ಎತ್ತರಕ್ಕೆ ಕೂರಿಸಿದರೆ ತಿರುವಿನಲ್ಲಿ ಹಿಂಭಾಗ ತೂಗಾಡುತ್ತದೆ. ಫ್ರೇಮಿನ ಕೊಳವೆಗೆ ತೂತು ಕೊರೆಯಬೇಡಿ, ನಡುಗಿ ನಡುಗಿ ಬಿರುಕು ಹುಟ್ಟುವುದು ಆ ತೂತಿನಿಂದಲೇ. ಕೊಳವೆಯನ್ನು ಸುತ್ತಿ ಹಿಡಿಯುವ ಪಟ್ಟಿ ಮಾಡಿಸಿ, ಒಳಗೆ ರಬ್ಬರ್ ಹಾಳೆ ಇಟ್ಟು, ನೈಲಾನ್ ಒಳಪಟ್ಟಿಯ ನಟ್ಟುಗಳಿಂದ ಬಿಗಿಯಿರಿ. ಮೊದಲ 20 ಕಿ.ಮೀ. ಆದ ಮೇಲೆ ಪ್ರತಿ ನಟ್ಟಿಗೂ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿ.