ಐದು ರೂಪಾಯಿ ನಾಣ್ಯ ಕೆಂಪಗಾಗುವುದು ಯಾಕೆ?

ಚಿಲ್ಲರೆ ಎಣಿಸುವಾಗ ಒಂದೊಂದು ಸಲ ಒಂದು ಐದು ರೂಪಾಯಿ ನಾಣ್ಯ ಮಾತ್ರ ಬೇರೆಯಾಗಿ ಕಣ್ಣಿಗೆ ಬೀಳುತ್ತದೆ. ಉಳಿದವೆಲ್ಲ ಹಳದಿ, ಇದೊಂದು ಕೆಂಪು. ಟಂಕಸಾಲೆಯಲ್ಲಿ ತಪ್ಪಿ ತಾಮ್ರದ ಬಿಲ್ಲೆ ಮೇಲೆ ಅಚ್ಚು ಬಿತ್ತಾ ಅಂತ ಅನುಮಾನ ಬರುವುದು ಸಹಜ. ಆದರೆ ಅಂಥ ತಪ್ಪು ತೀರಾ ಅಪರೂಪ. ಸಾಮಾನ್ಯವಾಗಿ ಆ ನಾಣ್ಯವೂ ಹುಟ್ಟಿದ್ದು ಹಳದಿಯಾಗಿಯೇ, ಆಮೇಲೆ ಅದರ ಮೇಲ್ಮೈಯಿಂದ ಸತು ಕಳೆದುಹೋಗಿರುತ್ತದೆ.

2009ರಿಂದ ಬಂದ ಹಳದಿ ಐದು ರೂಪಾಯಿಯಲ್ಲಿ ನೂರಕ್ಕೆ 75 ಪಾಲು ತಾಮ್ರ, 20 ಪಾಲು ಸತು, 5 ಪಾಲು ನಿಕಲ್ ಇದೆ. ಈಗ ಅದಕ್ಕಿಂತ ಹಳೆಯ, 1992ರಿಂದ ಬರುತ್ತಿದ್ದ ದಪ್ಪನೆಯ ಬಿಳಿ ಐದು ರೂಪಾಯಿ ನೆನಪಿಸಿಕೊಳ್ಳಿ. 9 ಗ್ರಾಂ ತೂಗುತ್ತಿದ್ದ ಆ ಬೆಳ್ಳನೆಯ ನಾಣ್ಯದಲ್ಲೂ ತಾಮ್ರ 75 ಪಾಲೇ! ಉಳಿದ 25 ಪಾಲು ನಿಕಲ್. ಎರಡರಲ್ಲೂ ಮುಕ್ಕಾಲು ಭಾಗ ತಾಮ್ರವೇ ಇದ್ದರೂ ಒಂದು ಹಳದಿ, ಇನ್ನೊಂದು ಬಿಳಿ. ಬಣ್ಣ ತೀರ್ಮಾನವಾಗುವುದು ಉಳಿದ ಕಾಲು ಭಾಗದಲ್ಲಿ. ನನಗೆ ಈ ವಿಷಯದಲ್ಲಿ ಅತ್ಯಂತ ಇಷ್ಟವಾಗುವುದು ಇದೇ.

ತಾಮ್ರದೊಳಗಿನ ಎಲೆಕ್ಟ್ರಾನ್‌ಗಳು ಬೆಳಕಿನ ನೀಲಿ ಮತ್ತು ಹಸಿರು ಭಾಗವನ್ನು ಹೀರಿಕೊಳ್ಳುತ್ತವೆ, ಕೆಂಪು ಜಾಸ್ತಿ ವಾಪಸ್ ಬರುತ್ತದೆ. ಸತು ಬೆರೆಸಿದರೆ ಆ ಹೀರುವಿಕೆ ನೀಲಿ ಕಡೆಗೆ ಸರಿಯುತ್ತದೆ. ಆಗ ಹಸಿರೂ ಹೊರಗೆ ಬರುತ್ತದೆ, ಕೆಂಪು ಹಸಿರು ಸೇರಿ ನಮಗೆ ಹಳದಿ ಕಾಣುತ್ತದೆ. ನಿಕಲ್ ಜಾಸ್ತಿಯಾದರೆ ಎಲ್ಲ ಬಣ್ಣಗಳೂ ಹೆಚ್ಚುಕಡಿಮೆ ಸಮನಾಗಿ ವಾಪಸ್ ಬರುತ್ತವೆ, ಅದಕ್ಕೇ ಬಿಳುಪು.

ಸರಿ, ಸತು ಹೋಗುವುದು ಹೇಗೆ? ಹುಳಿ ತಾಗಿದರೆ ತಾಮ್ರಕ್ಕಿಂತ ಮೊದಲು ಕರಗುವುದು ಸತು. ಬೆವರಿನ ಉಪ್ಪು, ತೇವದ ಮಣ್ಣು ಕೂಡ ನಿಧಾನಕ್ಕೆ ಅದೇ ಕೆಲಸ ಮಾಡುತ್ತವೆ. ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಹಚ್ಚಿ ತೊಳೆಯುವುದು ಮರೆತರೆ ಅಲ್ಲಲ್ಲಿ ಕೆಂಪು ಕಲೆ ಏಳುತ್ತದಲ್ಲ, ಅದೂ ಇದೇ. ಸತು ಹೋದ ಜಾಗದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುವ ತಾಮ್ರದ ಪದರ ಉಳಿಯುತ್ತದೆ, ಕರಗಿದ ತಾಮ್ರವೂ ಸ್ವಲ್ಪ ಮರಳಿ ಅಲ್ಲೇ ಕೂರಬಹುದು.

ತಾಮ್ರ ಹೊರಗಿನಿಂದ ಬಂದು ಕೂರುವುದನ್ನು ಮಲೆನಾಡಿನ ಅಡಿಕೆ ಬೆಳೆಗಾರರು ಚೆನ್ನಾಗಿ ಬಲ್ಲರು. ಕೊಳೆರೋಗಕ್ಕೆ ಹೊಡೆಯಲು ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಮಾಡಿದಾಗ ಅದರಲ್ಲಿ ಕಬ್ಬಿಣದ ಚಾಕು ಅದ್ದಿ ನೋಡುತ್ತಾರೆ. ಚಾಕು ಕೆಂಪಗಾದರೆ ಇನ್ನಷ್ಟು ಸುಣ್ಣ ಬೇಕು ಅಂತ ಅರ್ಥ. ಈಗಿನ ಒಂದು ರೂಪಾಯಿ ನಾಣ್ಯ ಕೂಡ ಉಕ್ಕಿನದೇ, ಆದರೆ ಚಾಕುವಿನಷ್ಟು ಸುಲಭವಾಗಿ ಕೆಂಪಾಗುವುದಿಲ್ಲ. ಅದು 17 ಪಾಲು ಕ್ರೋಮಿಯಂ ಇರುವ ಸ್ಟೇನ್‌ಲೆಸ್ ಸ್ಟೀಲ್, ಕ್ರೋಮಿಯಂ ಆಕ್ಸೈಡಿನ ತೆಳು ಪೊರೆ ಅದನ್ನು ಕಾಯುತ್ತದೆ.

ಹಳದಿ ನಾಣ್ಯ ಕಪ್ಪಾಗಿದ್ದರೆ ಕಾರಣ ಗಂಧಕ ಇರಬಹುದು, ಅದು ತಾಮ್ರದ ಜೊತೆ ಸೇರಿದರೆ ಕಪ್ಪು. ಹೊಳೆಯ ಕೆಸರಲ್ಲಿ ಹೂತ ನಾಣ್ಯಗಳು ಕಪ್ಪಗಾಗುವುದು ಹೀಗೆ. ಹಸಿರಾಗಿದ್ದರೆ ಕಿಲುಬು.

ನಿಮ್ಮ ಕೈಗೆ ಕೆಂಪು ನಾಣ್ಯ ಸಿಕ್ಕರೆ ಮೊದಲು ತೂಗಿ. 2019ಕ್ಕೆ ಮುಂಚಿನದಾದರೆ 6 ಗ್ರಾಂ ಆಸುಪಾಸು, 2019ರ ಹೊಸ ಸರಣಿಯದಾದರೆ 6.74 ಗ್ರಾಂ ಆಸುಪಾಸು ಇರಬೇಕು. ಆಮೇಲೆ ಮ್ಯಾಗ್ನೆಟ್ ಹಿಡಿಯಿರಿ. ಹಳದಿ ಐದು ರೂಪಾಯಿ ಅಂಟುವುದಿಲ್ಲ, 2007ರ ಸುಮಾರಿನ ಸ್ಟೀಲ್ ಐದು ರೂಪಾಯಿ ಅಂಟುತ್ತದೆ. ಕೊನೆಗೆ ಬಿಸಿಲಲ್ಲಿ ಓರೆಯಾಗಿ ಹಿಡಿದು ಸಿಂಹಗಳ ತಲೆ, ಅಂಚಿನ ಏಣು ನೋಡಿ. ಉಬ್ಬಿದ ಭಾಗ ಜೇಬಿನಲ್ಲಿ ಉಜ್ಜಿ ಉಜ್ಜಿ ಸವೆಯುತ್ತದೆ. ಅಲ್ಲಿ ಹಳದಿ ಇಣುಕುತ್ತಾ, ಅಕ್ಷರಗಳ ಸಂದಿಯಲ್ಲಿ ಮಾತ್ರ ಕೆಂಪು ಉಳಿದಿದ್ದರೆ ಬಣ್ಣ ಬರೀ ಮೇಲ್ಪದರದ್ದು. ಒಳಗೆ ಏನಿದೆ ನೋಡೋಣ ಅಂತ ಕತ್ತರಿಸಲು ಹೋಗಬೇಡಿ, 2011ರ ನಾಣ್ಯ ಕಾಯ್ದೆ ಪ್ರಕಾರ ನಾಣ್ಯ ಕರಗಿಸುವುದು, ನಾಶ ಮಾಡುವುದು ಅಪರಾಧ. ಹುಣಸೆ, ನಿಂಬೆ ಹಾಕಿ ತಿಕ್ಕುವುದೂ ಬೇಡ. ಹುಳಿ ಮತ್ತಷ್ಟು ಸತು ಎಳೆದುಕೊಂಡು ಹೋಗುತ್ತದೆ, ಕೆಂಪು ಇನ್ನೂ ಜಾಸ್ತಿಯಾಗುತ್ತದೆ.

ಇಂಥದ್ದನ್ನೇ ಅಪರೂಪದ ತಾಮ್ರದ ನಾಣ್ಯ ಅಂತ ಯಾರಾದರೂ ಸಾವಿರಗಟ್ಟಲೆ ಬೆಲೆ ಹೇಳಿದರೆ ತೂಕ ಎಷ್ಟು ಅಂತ ಕೇಳಿ, ಅಂಚನ್ನು ಹತ್ತಿರದಿಂದ ತೆಗೆದ ಫೋಟೋ ಕೇಳಿ. ಅದು ಸಿಗುವ ತನಕ ದುಡ್ಡು ಬಿಚ್ಚಬೇಡಿ.